ಬೆಳ್ಗೊಡೆಯ ಬಂಟ

ಬಿಸಿಲಿಗೆ ಹೆಸರಾದ ಒಂದು ಊರಿತ್ತು. ಮಳೆ ಅಲ್ಲಿಗೆ ಬೀಗರ ಹಾಗೆ ಬರುತ್ತಿತ್ತು. ಬಂದರೂ ಉಪಚಾರ ಮುಗಿಯುವ ಮೊದಲೇ ಎದ್ದು ಹೊರಟುಬಿಡುತ್ತಿತ್ತು. ಊರಿನ ನಡುವೆ ಕಲ್ಲುಚಪ್ಪಡಿ ಹಾಸಿದ ದೊಡ್ಡ ಬಯಲು. ಆ ಬಯಲಿನಲ್ಲಿ ಒಂದು ಮರವಿರಲಿಲ್ಲ, ಒಂದು ಚಪ್ಪರವಿರಲಿಲ್ಲ. ಊರಿನವರು ಸೋಮಾರಿಗಳಾಗಿದ್ದರು ಅಂತಲ್ಲ. ಆ ಬಯಲಿನಲ್ಲಿ ನೆರಳು ಕೊಡುವ ಹಕ್ಕು ಒಬ್ಬನಿಗೆ ಮಾತ್ರ ಇತ್ತು, ಅವನನ್ನು ಬಂಟ ಎನ್ನುತ್ತಿದ್ದರು.

ಊರಿನ ಕಟ್ಟಳೆ ಹೀಗಿತ್ತು. ಜನ ಅಟ್ಟಿಸಿಕೊಂಡು ಬಂದಾಗ ಯಾರೇ ಆಗಲಿ, ಕಳ್ಳನಾಗಲಿ, ಕೊಲೆಗಾರನಾಗಲಿ, ಏನೂ ಮಾಡದವನಾಗಲಿ, ಬಂಟನ ನೆರಳಿನೊಳಗೆ ಕಾಲಿಟ್ಟರೆ ಅವನನ್ನು ಮುಟ್ಟುವ ಹಾಗಿಲ್ಲ. ಸೂರ್ಯ ಮುಳುಗುವವರೆಗೆ ನೆರಳು ಬಿಡದೆ ಉಳಿದರೆ ಅವನ ತಪ್ಪು ಸೂರ್ಯನ ಜೊತೆಗೇ ಮುಳುಗಿತು. ಮಾರನೆಯ ದಿನ ಅದರ ಮಾತನ್ನು ಯಾರೂ ಎತ್ತುವಂತಿಲ್ಲ. ಬಂಟನಾಗುವವನ ಎಡಗಾಲಿಗೆ ಕಂಚಿನ ಪೆಂಡೇರ ತೊಡಿಸುವಾಗ ಅವನ ಬಾಯಲ್ಲಿ ಮೂರು ಮಾತು ಹೇಳಿಸುತ್ತಿದ್ದರು. ನೆರಳಿಗೆ ಬಂದವನನ್ನು ಕೇಳೆನು. ನೆರಳಿಗೆ ಬಂದವನನ್ನು ತೂಗೆನು. ನೆರಳಿಗೆ ಬಂದವನನ್ನು ಬಿಡೆನು.

ಎಂಥೆಂಥ ಬಂಟರು ಆಗಿಹೋದರು ಆ ಊರಿನಲ್ಲಿ! ಒಬ್ಬ ಮುರಿದ ಕಾಲಿನಲ್ಲೇ ಕತ್ತಿ ಊರಿಕೊಂಡು ಹಗಲಿಡೀ ನಿಂತನಂತೆ. ಇನ್ನೊಬ್ಬ ತನ್ನ ಮಗನನ್ನು ಕೊಂದವನಿಗೇ ನೆರಳು ಕೊಟ್ಟನಂತೆ. ಸಂಜೆ ಅವನನ್ನು ಊರ ಬಾಗಿಲು ದಾಟಿಸಿ ಬಂದು, ಕೈಕಾಲು ತೊಳೆದುಕೊಂಡು, ಆಮೇಲೆ ಮಗನ ಹೆಣದ ಪಕ್ಕ ಕುಳಿತು ಅತ್ತನಂತೆ. ಇಂಥವರಿಗೆ ಊರು ಕಲ್ಲು ನಿಲ್ಲಿಸಿತ್ತು. ಬಯಲಿನ ಪಡುವಣ ಅಂಚಿನಲ್ಲಿ ಸಾಲಾಗಿ ವೀರಗಲ್ಲುಗಳು. ಮೇಲೆ ಸೂರ್ಯ, ಕೆಳಗೆ ಕುದುರೆ, ಕುದುರೆಯ ಮೇಲೆ ಬಂಟ. ಕುದುರೆಯ ಹೊಟ್ಟೆಯ ಕೆಳಗೆ ಮುದುರಿ ಕುಳಿತ ಒಂದು ಪುಟ್ಟ ಮನುಷ್ಯಾಕೃತಿ. ಅದು ತುಳಿತಕ್ಕೆ ಸಿಕ್ಕ ವೈರಿ ಎಂದು ಎಲ್ಲರೂ ಹೇಳುತ್ತಿದ್ದರು, ಮಕ್ಕಳಿಗೂ ಹಾಗೆಯೇ ಹೇಳಿಕೊಡುತ್ತಿದ್ದರು.

ಹೀಗಿರುವಾಗ ಯಾವುದೋ ಕಾಲದಲ್ಲಿ ಊರಿನವರ ಮನಸ್ಸು ಕರಗಿತು. ನಮಗಾಗಿ ಬಿಸಿಲಿನಲ್ಲಿ ಬೇಯುವವನಿಗೆ ಒಂದು ಕೊಡೆಯಾದರೂ ಬೇಡವೇ ಎಂದರು. ಮುತ್ತಿನ ಜಾಲರಿ ಇಳಿಬಿಟ್ಟ ಅಗಲವಾದ ಬೆಳ್ಗೊಡೆ ಮಾಡಿಸಿದರು, ಅದನ್ನು ಹಿಡಿಯಲು ಒಬ್ಬನನ್ನು ನೇಮಿಸಿದರು. ಊರು ಕೊಟ್ಟ ಮರ್ಯಾದೆಯನ್ನು ಒದೆಯಬಾರದಲ್ಲ; ಅದಕ್ಕೆ ಬಂಟ ಕೊಡೆಯಿಂದ ಆಚೆ ಕಾಲಿಟ್ಟರೆ ಪೆಂಡೇರ ಕಳೆದುಕೊಳ್ಳುತ್ತಾನೆ ಎಂಬ ಹೊಸ ಕಟ್ಟಳೆಯನ್ನೂ ಸೇರಿಸಿದರು. ಒಳ್ಳೆಯ ಮನಸ್ಸಿನಿಂದಲೇ ಸೇರಿಸಿದರು. ಅಂದಿನಿಂದ ಬಂಟನ ನೆರಳಿಗೆ ಯಾರೂ ಬರಲಿಲ್ಲ. ಊರು ಸುಧಾರಿಸಿದೆ, ಓಡಿಬರುವವರೇ ಇಲ್ಲ ಎಂದು ಎಲ್ಲರೂ ಸಂತೋಷಪಟ್ಟರು.

ನಮ್ಮ ಕಥೆಯ ಬಂಟ ಈ ಕೊಡೆಯ ಕೆಳಗೇ ಮೈ ಬೆಳೆಸಿಕೊಂಡವನು. ಗುಂಡುಗುಂಡಾದ ಮನುಷ್ಯ, ಮನಸ್ಸು ಮೆತ್ತಗೆ, ಹೋಳಿಗೆ ಕಂಡರೆ ಪ್ರಾಣ. ಜರಿಯ ಅಂಗಿ ತೊಟ್ಟು, ಬೆಳ್ಳಿಯ ಡಾಬು ಕಟ್ಟಿ ಅವನು ಹೊರಟರೆ ಜನ ಎದ್ದು ನಿಲ್ಲುತ್ತಿದ್ದರು, ಅವನಿಗೆ ಅದು ಇಷ್ಟವೂ ಆಗುತ್ತಿತ್ತು. ಹೊತ್ತು ಮುಳುಗಿದ ಮೇಲೂ ಕೊಡೆ ಹಿಡಿಸಿಕೊಂಡೇ ಮನೆಗೆ ಬರುತ್ತಿದ್ದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂದು ಹೆಂಡತಿ ಬಾಗಿಲಲ್ಲೇ ಸ್ವಾಗತಿಸುತ್ತಿದ್ದಳು. ಅವಳ ನಾಲಗೆಗೆ ಊರೇ ಹೆದರುತ್ತಿತ್ತು. ಬಂಟ ಮಾತ್ರ ನಕ್ಕು ಕೈ ತೊಳೆಯಲು ಹೋಗುತ್ತಿದ್ದ.

ಅವನಿಗೆ ಎಲ್ಲಕ್ಕಿಂತ ಹೆಚ್ಚಿನ ಪ್ರೀತಿ ಕುದುರೆಯ ಮೇಲೆ. ಊರಿನಲ್ಲಿ ಉಳಿದಿದ್ದ ಕೊನೆಯ ಕುದುರೆ ಅದು. ಕೆಂಗಂದು ಬಣ್ಣದ ಮುದಿ ಹೆಣ್ಣುಕುದುರೆ, ದಿನವೂ ಬೆಳ್ಳಿಯ ಜೀನು ಹೊತ್ತು ಲಾಯದಲ್ಲಿ ನಿಂತಿರುವುದು, ವರ್ಷಕ್ಕೊಮ್ಮೆ ಪೆಂಡೇರ ತೊಳೆಯುವ ಹಬ್ಬಕ್ಕೆ ಮೆರವಣಿಗೆ ಹೋಗುವುದು ಅದರ ಕೆಲಸ. ಪ್ರತಿ ಸಂಜೆ ಬಂಟ ಲಾಯಕ್ಕೆ ಹೋಗಿ ಅಂಗೈಯಲ್ಲಿ ಬೆಲ್ಲವಿಟ್ಟು ತಿನ್ನಿಸುತ್ತಿದ್ದ. ಹೆಂಡತಿಗೂ ಹೇಳದ ಸಂಗತಿಗಳನ್ನು ಅದರ ಕಿವಿಯಲ್ಲಿ ಹೇಳುತ್ತಿದ್ದ. ಬಂಟನ ಕುದುರೆಗೆ ಯಾರಿಂದ ಸಾವು ಬಂತೋ ಅವನನ್ನು ಕೋಡುಗಲ್ಲಿನ ತುದಿಯಿಂದ ಕೆಳಗೆ ನೂಕಬೇಕು ಎಂದು ಊರಿನ ಕಟ್ಟಳೆ. ಲಾಯದವನು, ಅಂದರೆ ಕುದುರೆಗೆ ಹುಲ್ಲು ನೀರು ನೋಡುವವನು, ಬಡಕಲು ಮೈಯ ಮೌನಿ. ಅವನನ್ನು ಯಾರೂ ಅಷ್ಟಾಗಿ ಗಮನಿಸುತ್ತಿರಲಿಲ್ಲ.

ಆ ವರ್ಷದ ಹಬ್ಬದ ದಿನ ಬಂಟ ಬಯಲಿನ ನಡುವೆ ಬೆಳ್ಗೊಡೆಯ ಕೆಳಗೆ ನಿಂತಿದ್ದ. ಪೆಂಡೇರಕ್ಕೆ ಹಾಲು ಸುರಿದು ಆಗಿತ್ತು, ಕುದುರೆ ಬರಬೇಕಿತ್ತು. ಬಂದದ್ದು ಸುದ್ದಿ. ನಸುಕಿನಲ್ಲೇ ಲಾಯದವನು ಕುದುರೆಯನ್ನು ಬಿಚ್ಚಿ ಹೊಳೆಯಾಚೆ ಕರೆದುಕೊಂಡು ಹೋದನಂತೆ, ಅಲ್ಲಿ ಹುಲ್ಲಿನಲ್ಲಿ ಕುದುರೆ ಸತ್ತು ಬಿದ್ದಿದೆಯಂತೆ. ಊರಿನ ಯಜಮಾನ ಏನಾದರೂ ಹೇಳುವ ಮೊದಲೇ ಬಂಟ ಕೂಗಿದ, ಆ ಪಾಪಿಯನ್ನು ಹಿಡಿದು ತನ್ನಿ ಎಂದು. ಜನ ಕೋಲು ಹಗ್ಗ ತೆಗೆದುಕೊಂಡು ಎಲ್ಲ ಬೀದಿಗಳಿಗೂ ಓಡಿದರು. ಬಂಟ ಕಟ್ಟಳೆಯನ್ನು ನೆನೆದು, ಅವನನ್ನು ತಾನೇ ಕೈಯಾರೆ ನೂಕಿದರೂ ಸರಿಯೇ ಎಂದುಕೊಂಡ.

ಲಾಯದವನಿಗೆ ಓಡಲು ಎಷ್ಟು ದಾರಿಗಳಿದ್ದವೋ ಎಲ್ಲವನ್ನೂ ಜನ ಕಟ್ಟಿದ್ದರು. ಉಳಿದಿದ್ದದ್ದು ಒಂದೇ. ಅವನು ಆ ದಾರಿಯಲ್ಲೇ ಬಂದ. ಮೈಗೆಲ್ಲ ಹುಲ್ಲು ಅಂಟಿಸಿಕೊಂಡು, ಬಯಲನ್ನು ದಾಟಿ, ನೇರವಾಗಿ ಬಂಟನ ಕಾಲ ಬಳಿ ಬಂದು ಕುಸಿದ.

"ನೆರಳು ಕೊಡಿ," ಅಂದ.

ಆ ಮಾತನ್ನು ಬದುಕಿರುವವರಲ್ಲಿ ಯಾರೂ ಕಿವಿಯಾರೆ ಕೇಳಿರಲಿಲ್ಲ. ಕೋಲು ಎತ್ತಿದವರು ಎತ್ತಿದ ಹಾಗೇ ನಿಂತರು. ಆಗ ಯಜಮಾನ ಮುಂದೆ ಬಂದು ನೆಲ ನೋಡಿದ. ಬಿಳಿಯ ಗಡ್ಡದ, ಸಾವಧಾನದ ಮನುಷ್ಯ ಅವನು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ನ್ಯಾಯ ಹೇಳುವುದರಲ್ಲಿ ಹೆಸರುವಾಸಿ. ನೆಲದ ಮೇಲೆ ಕೊಡೆಯ ನೆರಳಿದೆ, ಬಂಟನ ನೆರಳು ಎಲ್ಲಿದೆ ಎಂದು ಕೇಳಿದ. ಕೊಡೆಯ ನೆರಳಿಗೆ ಕಟ್ಟಳೆ ಇಲ್ಲ, ಆದ್ದರಿಂದ ಇವನನ್ನು ಎಳೆದುಕೊಂಡು ಹೋದರೆ ಬಂಟನ ಮಾತಿಗೆ ಭಂಗವಿಲ್ಲ, ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದ. ಬಂಟನನ್ನು ಯಾರೂ ದೂರುವುದಿಲ್ಲ ಎಂದು ಮೆಲ್ಲಗೆ ಸಮಾಧಾನವನ್ನೂ ಹೇಳಿದ.

ಬಂಟ ತನ್ನ ಕಾಲ ಬುಡ ನೋಡಿಕೊಂಡ. ನಿಜ, ಅಲ್ಲಿ ಅವನ ನೆರಳು ಇರಲಿಲ್ಲ. ಇಷ್ಟು ವರ್ಷ ಈ ಬಯಲಿನಲ್ಲಿ ನಿಂತಿದ್ದರೂ ಒಂದು ಸಲವೂ ಅವನ ನೆರಳು ಈ ಕಲ್ಲಿನ ಮೇಲೆ ಬಿದ್ದಿರಲಿಲ್ಲ. ಕಾಲಿನ ಕಂಚು ಯಾರದೋ ಕಾಲಿನದು ಎಂಬಂತೆ ಕಂಡಿತು. ಎದುರಿಗೆ ಬಿದ್ದವನ ಮೇಲೆ ಕೋಪ ಕುದಿಯುತ್ತಲೇ ಇತ್ತು, ಅದೇನೂ ಇಳಿದಿರಲಿಲ್ಲ. ಆದರೆ ಅವನಿಗಿಂತ ಮುಂಚೆ ಈ ಪೆಂಡೇರ ತೊಟ್ಟವರೆಲ್ಲ ಪಡುವಣ ಅಂಚಿನಲ್ಲಿ ಕಲ್ಲಾಗಿ ನಿಂತು ನೋಡುತ್ತಿದ್ದರು.

ಬಂಟ ಒಂದು ಹೆಜ್ಜೆ ಇಟ್ಟ. ಅಭ್ಯಾಸಬಲದಿಂದ ಕೊಡೆ ಹಿಡಿದವನೂ ಒಂದು ಹೆಜ್ಜೆ ಇಟ್ಟ. ಬಂಟ ಪಕ್ಕಕ್ಕೆ ಸರಿದ, ಕೊಡೆಯೂ ಸರಿಯಿತು. ಕೊಡೆ ಮುಚ್ಚು ಎಂದು ಬಂಟ ಹೇಳಿದಾಗ ಆ ಬಡಪಾಯಿ ಕಕ್ಕಾಬಿಕ್ಕಿಯಾದ. ಅದನ್ನು ಬಿಚ್ಚಿದ್ದನ್ನೇ ಎಲ್ಲರೂ ಕಂಡಿದ್ದರು, ಮುಚ್ಚುವುದು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಬಂಟ ಎರಡೂ ಕೈಯಿಂದ ಅವನನ್ನು ದೂಡಿದ. ಮುತ್ತಿನ ಜಾಲರಿ ಒಂದು ಕಡೆ ಹರಿಯಿತು. ಬಿಸಿಲು ಬಂಟನ ತಲೆಯ ಮೇಲೆ ಬಿತ್ತು, ಬಂಟನ ನೆರಳು ಲಾಯದವನ ಬೆನ್ನಿನ ಮೇಲೆ ಬಿತ್ತು.

ಇದರ ಬೆಲೆ ಗೊತ್ತಿದೆಯೇ ಎಂದು ಯಜಮಾನ ಕೇಳಿದ. ಸಂಜೆಗೆ ಪೆಂಡೇರ ಬಿಚ್ಚಬೇಕಾಗುತ್ತದೆ, ನಾಳೆಯಿಂದ ನಿನ್ನನ್ನು ಕಂಡು ಯಾರೂ ಏಳುವುದಿಲ್ಲ ಎಂದ. ಬಂಟ ಗೊತ್ತು ಎಂದ. ಸರಿ, ಕಾಯೋಣ, ಮಧ್ಯಾಹ್ನ ದೂರವಿಲ್ಲವಲ್ಲ ಎಂದು ಯಜಮಾನ ಹೇಳಿದಾಗ ಜನಕ್ಕೆ ಅರ್ಥವಾಯಿತು. ಸೂರ್ಯ ನೆತ್ತಿಗೆ ಬಂದಾಗ ಮನುಷ್ಯನ ನೆರಳು ಅವನ ಪಾದದಡಿಗೇ ಸೇರಿಕೊಳ್ಳುತ್ತದೆ. ಅದರಲ್ಲಿ ಒಂದು ಬೆಕ್ಕೂ ಹಿಡಿಸುವುದಿಲ್ಲ. ಎಲ್ಲರೂ ಹೋಗಿ ಸುತ್ತಲಿನ ಸೂರುಗಳ ಕೆಳಗೆ ಕುಳಿತು ಮಜ್ಜಿಗೆ ಕುಡಿಯುತ್ತ ಕಾದರು.

ಬಿಸಿಲು ಏರಿತು, ನೆರಳು ಇಳಿಯಿತು. ಲಾಯದವನು ಮೊದಲು ಕುಳಿತಿದ್ದ, ಆಮೇಲೆ ಮುದುರಿದ, ಆಮೇಲೆ ಬಂಟನ ಕಾಲಿಗೆ ಒತ್ತಿಕೊಂಡ. ತಾನು ಯಾಕೆ ಹಾಗೆ ಮಾಡಿದೆನೆಂದು ಹೇಳಲು ಅವನು ಬಾಯಿ ತೆರೆದ. ಬಂಟ ಅವನನ್ನು ತಡೆದ.

"ಹೇಳ್ಬೇಡ. ನಿಂದು ತಪ್ಪಿಲ್ಲ ಅಂತ ಗೊತ್ತಾದ್ರೆ ನಿನ್ನ ಮುಂದೆ ಯಾರು ಬೇಕಾದ್ರೂ ನಿಲ್ತಾರೆ. ಗೊತ್ತಿಲ್ದೆ ನಿಲ್ಲೋಕ್ಕೇ ಬಂಟ ಬೇಕಾಗೋದು."

ಸ್ವಲ್ಪ ಹೊತ್ತಾದ ಮೇಲೆ ಅವನೇ ಮತ್ತೆ, "ನಂಗೆ ನಿನ್ನ ಮೇಲೆ ಸಿಟ್ಟಿದೆ. ಅದು ನನ್ನ ಹತ್ರಾನೇ ಇರ್ಲಿ, ನೀನು ನೆರಳಲ್ಲಿರು," ಅಂದ.

ಅಷ್ಟರಲ್ಲಿ ಅವನ ಹೆಂಡತಿ ಕೊಡದಲ್ಲಿ ನೀರು ತಂದಳು. ಊಟಕ್ಕೆ ಹತ್ತು ಸಲ ಕರೆದರೂ ಏಳದ ಮನುಷ್ಯ ಇವತ್ತು ಹೀಗೆ ನಿಂತಿದ್ದಾನಲ್ಲ ಎಂದು ಗೊಣಗಿದಳು. ಗೊಣಗುತ್ತಲೇ ಅವನಿಗೆ ಕುಡಿಸಿದಳು. ಅವನು ಕಣ್ಣಿನಲ್ಲೇ ಕೆಳಗೆ ತೋರಿಸಿದಾಗ ಲಾಯದವನಿಗೂ ಕುಡಿಸಿದಳು. ಗಂಡನ ಜರಿಯ ಅಂಗಿ ಬೆವರಿಗೆ ಕಪ್ಪಾಗಿತ್ತು. ಮದುವೆಯಾದಾಗಿನಿಂದ ಅವಳು ಅವನನ್ನು ಇಷ್ಟು ಹೊತ್ತು ಸುಮ್ಮನೆ ದಿಟ್ಟಿಸಿ ನೋಡಿದ್ದು ಅದೇ ಮೊದಲು.

ಸೂರ್ಯ ನೆತ್ತಿಗೆ ಬಂದ. ಬಂಟನ ನೆರಳು ಅವನ ಪಾದದ ಸುತ್ತ ಒಂದು ಕಪ್ಪು ಗೆರೆಯಾಗಿ ಉಳಿಯಿತು. ಸೂರಿನ ಕೆಳಗಿದ್ದವರು ಹಗ್ಗ ಹಿಡಿದು ಎದ್ದರು. ಬಂಟ ದಿಕ್ಕುಗಾಣದೆ ಸುತ್ತ ನೋಡಿದ. ಅವನ ಕಣ್ಣು ಪಡುವಣ ಅಂಚಿನ ಕಲ್ಲುಗಳ ಮೇಲೆ ಬಿತ್ತು. ಮೇಲೆ ಸೂರ್ಯ, ಕೆಳಗೆ ಕುದುರೆ, ಕುದುರೆಯ ಹೊಟ್ಟೆಯ ಕೆಳಗೆ ಮುದುರಿ ಕುಳಿತ ಪುಟ್ಟ ಮನುಷ್ಯ. ಸೂರ್ಯನನ್ನು ಎಲ್ಲ ಕಲ್ಲಿನಲ್ಲೂ ನಡುನೆತ್ತಿಯ ಮೇಲೇ ಕೊರೆದಿದ್ದರು.

ಆ ಪುಟ್ಟ ಮನುಷ್ಯ ತುಳಿತಕ್ಕೆ ಸಿಕ್ಕ ವೈರಿಯಲ್ಲ ಎಂದು ಬಂಟನಿಗೆ ಆಗ ಹೊಳೆಯಿತು. ಅವನು ನೆರಳಿಗೆ ಬಂದವನು. ಹಳೆಯ ಬಂಟರು ಕುದುರೆ ಇಟ್ಟದ್ದು ಮೆರೆಯಲಿಕ್ಕಲ್ಲ, ಮಧ್ಯಾಹ್ನಕ್ಕೆ. ಆ ಹೊತ್ತು ಕುದುರೆಯ ಮೇಲೆ ಕುಳಿತ ಬಂಟನಿಗೂ ಕುದುರೆಗೂ ಒಂದೇ ನೆರಳು. ಓಡಿಬಂದವರು ಅದರ ಹೊಟ್ಟೆಯ ಕೆಳಗೆ ಬದುಕಿಕೊಂಡರು. ಬಂಟನ ಕುದುರೆ ಹೊಳೆಯಾಚೆ ಸತ್ತು ಬಿದ್ದಿತ್ತು, ಅದನ್ನು ಕರೆದುಕೊಂಡು ಹೋದವನು ಅವನ ಕಾಲಿಗೆ ಅಂಟಿಕೊಂಡಿದ್ದ.

ಬಂಟ ನೆಲಕ್ಕೆ ಅಂಗೈ ಊರಿದ. ಮಂಡಿ ಊರಿದ. ಜರಿಯ ಅಂಗಿಯ, ಬೆಳ್ಳಿಯ ಡಾಬಿನ ಆ ದಪ್ಪ ಮನುಷ್ಯ ಊರೆಲ್ಲ ನೋಡುತ್ತಿದ್ದಂತೆ ಕಾದ ಕಲ್ಲಿನ ಮೇಲೆ ನಾಲ್ಕು ಕಾಲಿನಲ್ಲಿ ನಿಂತ. ಹೊಟ್ಟೆಯ ಕೆಳಗೆ ಬಾ ಎಂದು ಲಾಯದವನಿಗೆ ಹೇಳಿದ. ಅವನು ಮೊಣಕಾಲನ್ನು ಎದೆಗೆ ಸೆಳೆದುಕೊಂಡು ಒಳಗೆ ಸೇರಿಕೊಂಡ.

ಮೊದಲು ಯಾರೋ ಒಬ್ಬ ನಕ್ಕ, ಆಮೇಲೆ ಸೂರಿನಿಂದ ಸೂರಿಗೆ ನಗು ಹಬ್ಬಿತು. ಒಬ್ಬ ಕುದುರೆಯ ಹಾಗೆ ಕೆನೆದ. ಇನ್ನೊಬ್ಬ ಹುರುಳಿ ತರಲೇ ಎಂದು ಕೇಳಿದ. ಬಂಟನ ಅಂಗೈ ಸುಡುತ್ತಿತ್ತು, ಎತ್ತುವಂತಿರಲಿಲ್ಲ, ಎತ್ತಿದರೆ ನೆರಳು ಹರಿಯುತ್ತಿತ್ತು. ಹೆಂಡತಿ ಬಂದು ಕೊಡದಲ್ಲಿ ಉಳಿದ ನೀರನ್ನು ಅವನ ಅಂಗೈ ಸುತ್ತ ಸುರಿದಳು. ನೀರು ಚುರ್ ಎಂದು ಹಬೆಯಾಗಿ ಹೋಯಿತು. ಆ ಸದ್ದು ಕೇಳಿ ನಗು ಒಬ್ಬೊಬ್ಬರಾಗಿ ನಿಂತಿತು. ಕೆನೆದವನು ತಲೆ ತಗ್ಗಿಸಿದ.

ಯಜಮಾನ ಹತ್ತಿರ ಬಂದು ಬಗ್ಗಿ ನೋಡಿದ. ಊರುಗೋಲಿನ ತುದಿಯಿಂದ ನೆರಳಿನ ಅಂಚನ್ನು ಸುತ್ತ ಮುಟ್ಟಿದ. ಲಾಯದವನ ಒಂದು ಬೆರಳೂ ಹೊರಗಿರಲಿಲ್ಲ. ಮನುಷ್ಯನ ನೆರಳು ನಿಂತರೂ ಅವನದೇ, ಬಗ್ಗಿದರೂ ಅವನದೇ, ಕಟ್ಟಳೆಯಲ್ಲಿ ಬೇರೆ ಮಾತಿಲ್ಲ ಎಂದು ಅವನು ಹಿಂದೆ ಸರಿದ. ಹಗ್ಗ ಹಿಡಿದವರು ಹಗ್ಗ ಸುತ್ತಿಟ್ಟರು.

ಸೂರ್ಯ ವಾಲಿದ ಮೇಲೆ ಬಂಟನಿಗೆ ತಾನಾಗಿ ಏಳಲು ಆಗಲಿಲ್ಲ. ಲಾಯದವನು ಕೆಳಗಿನಿಂದ ಹೆಗಲು ಕೊಟ್ಟು ಎತ್ತಿ ನಿಲ್ಲಿಸಿದ. ನೆರಳು ಮೂಡಲಿಗೆ ಚಾಚಿತು, ಬೆಳೆಯಿತು, ಬಯಲಿನ ಅರ್ಧಕ್ಕೆ ಹೋಯಿತು. ಸೂರ್ಯ ಮುಳುಗಿದ. ಲಾಯದವನ ತಪ್ಪೂ ಮುಳುಗಿತು. ಇನ್ನು ಕೇಳಬಹುದಿತ್ತು, ಬಂಟ ಕೇಳಿದ.

"ಹೇಗೆ ಹೋಯ್ತು ಅದು?"

"ಜೀನು ಹೊತ್ತು ಹೊತ್ತು ಬೆನ್ನು ಹುಣ್ಣಾಗಿತ್ತು ಬುದ್ಧಿ. ಹೊಳೆ ಕಡೇನೇ ನೋಡ್ತಾ ನಿಂತಿರ್ತಿತ್ತು. ಹಸಿ ಹುಲ್ಲು ಒಂದ್ಸಲ ಮೇಯ್ಲಿ ಅಂತ ಕರ್ಕೊಂಡು ಹೋದೆ. ಮೇಯ್ತಾ ಮೇಯ್ತಾ ಹಾಗೇ ಮಲಗ್ಬಿಡ್ತು."

ಬಂಟ ಅವನ ಕೊರಳು ತಬ್ಬಿಕೊಂಡು ಜೋರಾಗಿ ಅತ್ತ. ದಿನವೂ ಬೆಲ್ಲ ತಿನ್ನಿಸಿದವನಿಗೆ ಜೀನಿನ ಕೆಳಗಿನ ಹುಣ್ಣು ಕಂಡಿರಲಿಲ್ಲ, ಅದಕ್ಕೂ ಸೇರಿಸಿ ಅತ್ತ. ಆಮೇಲೆ ಯಜಮಾನ ಬಂದು ಅವನ ಕಾಲಿನ ಪೆಂಡೇರ ಬಿಚ್ಚಿಸಿದ. ಕಂಚಿನ ಕೆಳಗಿನ ಚರ್ಮ ಎಳೆಮಗುವಿನದರಂತೆ ಬೆಳ್ಳಗಿತ್ತು.

ಕೆಲವೇ ದಿನಗಳಲ್ಲಿ ಊರಿಗೆ ಹೊಸ ಬಂಟ ಬಂದ. ನೋಡಲು ಲಕ್ಷಣವಾಗಿದ್ದ, ನಿಲುವೂ ಚೆನ್ನಾಗಿತ್ತು. ಬೆಳ್ಗೊಡೆಯ ಹರಿದ ಜಾಲರಿಯನ್ನು ಹೊಲಿಸಿದರು. ಊರು ಮೊದಲಿನಂತೆ ನಡೆಯಿತು. ಹಳೆಯ ಬಂಟ ಮನೆಯಲ್ಲಿ ಚಾಪೆಯ ಮೇಲೆ ಮಲಗಿರುತ್ತಿದ್ದ. ಅಂಗೈಗಳಿಗೆ ಬೆಣ್ಣೆ ಸವರಿ ಬಟ್ಟೆ ಸುತ್ತಿತ್ತು, ಮಂಡಿಗಳು ಬಾತುಕೊಂಡಿದ್ದವು. ಹೆಂಡತಿ ತುತ್ತು ಮಾಡಿ ಬಾಯಿಗಿಡುತ್ತಿದ್ದಳು, ಜೊತೆಗೆ ನಾಲ್ಕು ಮಾತನ್ನೂ ಬಡಿಸುತ್ತಿದ್ದಳು. ಬಿರುದು ಹೋದದ್ದಕ್ಕೆ ಮಾತ್ರ ಅವಳು ಒಂದು ದಿನವೂ ಏನೂ ಅನ್ನಲಿಲ್ಲ.

ಒಂದು ಬೆಳಿಗ್ಗೆ ತೆರೆದ ಬಾಗಿಲಿನಿಂದ ಒಬ್ಬ ಹುಡುಗಿ ಒಳಗೆ ನುಗ್ಗಿದಳು. ಯಜಮಾನನ ಮನೆಯ ಕಿರಿಯ ಸೊಸೆ ಅವಳು. ಒಂದು ಕೆನ್ನೆ ಬಾತಿತ್ತು, ತೋಳಿನ ಮೇಲೆ ಬೆರಳುಗಳ ಗುರುತಿತ್ತು. ಬಯಲಿನಲ್ಲಿ ಹೊಸ ಬಂಟನ ಪಕ್ಕದಲ್ಲೇ ಓಡಿ ಬಂದೆ, ಅವನು ಕೊಡೆಯ ಕೆಳಗಿನಿಂದ ಕದಲಲಿಲ್ಲ ಎಂದು ಏದುಸಿರಿನಲ್ಲಿ ಹೇಳಿದಳು. ಹಿಂದೆಯೇ ಬೀದಿಯಲ್ಲಿ ಗಂಡಸರ ಕಾಲಸಪ್ಪಳ ಕೇಳಿಸಿತು. ಅವಳು ಚಾಪೆಯ ಹತ್ತಿರ ಕುಸಿದು, ನೆರಳು ಕೊಡಿ ಎಂದು ಬೇಡಿದಳು.

ಬಂಟ ಏಳಲು ನೋಡಿದ. ಮಂಡಿ ಮಡಚಲಿಲ್ಲ, ಅಂಗೈ ಊರಲಾಗಲಿಲ್ಲ. ಮತ್ತೆ ನೋಡಿದ, ಮತ್ತೆ ಬಿದ್ದ. ಅವನಿಗೆ ಪೆಂಡೇರ ಹೋದಾಗ ಬಾರದ ದುಃಖ ಈಗ ಬಂತು. ನನ್ನಿಂದ ಆಗುತ್ತಿಲ್ಲವಲ್ಲೇ ಎಂದು ಹೆಂಡತಿಯ ಮುಖ ನೋಡಿದ.

ಅವಳು ಒಲೆಯ ಮೇಲಿದ್ದುದನ್ನು ಕೆಳಗಿಳಿಸಿದಳು. ಕೈ ಒರೆಸಿಕೊಂಡಳು. ಸೆರಗನ್ನು ಸೊಂಟಕ್ಕೆ ಬಿಗಿದು ಹೋಗಿ ಹೊಸ್ತಿಲ ಮೇಲೆ ನಿಂತಳು. ಮನೆಯ ಬಾಗಿಲು ಮೂಡಲಿಗಿತ್ತು, ಸೂರ್ಯ ಆಗಷ್ಟೇ ಎದುರುಮನೆಯ ಮಾಳಿಗೆ ದಾಟಿದ್ದ.

ಹೊರಗಿನಿಂದ ಯಜಮಾನನ ದನಿ ಕೇಳಿಸಿತು. ಪಕ್ಕಕ್ಕೆ ಸರಿ, ನಿನಗೆ ಪೆಂಡೇರ ತೊಡಿಸಿದ್ದು ಯಾರು ಎಂದು ಅವನು ಕೇಳಿದ.

"ಯಾರೂ ತೊಡ್ಸಿಲ್ಲ," ಅಂದಳು ಅವಳು. "ಬಿಸ್ಲು ನಿಮ್ಮ ಕಡೆಯಿಂದ ಬರ್ತಾ ಇದೆ, ನೆರಳು ನನ್ನ ಹಿಂದೆ ಬಿದ್ದಿದೆ. ಆ ಮಗು ಅದ್ರೊಳಗಿದೆ. ದಾಟೋರು ಯಾರು, ಬನ್ನಿ ನೋಡೋಣ."

ಹೊರಗೆ ಯಾರೋ ಕೆಮ್ಮಿದರು. ಒಬ್ಬರೂ ಹೆಜ್ಜೆ ಎತ್ತಲಿಲ್ಲ. ಅವಳು ಎರಡು ಕೈಯಿಂದಲೂ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು, ಸಂಜೆ ತುಂಬ ದೂರವಿತ್ತು.

ಅವಳ ನೆರಳು ಉದ್ದಕ್ಕೆ ಒಳಗೆ ಬಂದು, ನಡುಮನೆಯನ್ನು ದಾಟಿ, ಚಾಪೆಯ ಮೇಲೆ ಬಿದ್ದಿತ್ತು. ಬಂಟ ತನ್ನ ಕಾಲುಗಳನ್ನು ನೋಡಿಕೊಂಡ. ಅವೂ ಅದರೊಳಗೇ ಇದ್ದವು. ಇನ್ನೊಬ್ಬರ ನೆರಳಿನಲ್ಲಿ ಅವನು ಹಿಂದೆಂದೂ ಇದ್ದವನಲ್ಲ, ಅದು ಇಷ್ಟು ತಂಪು ಎಂದು ಅವನಿಗೆ ಗೊತ್ತಿರಲಿಲ್ಲ. ಅವನು ನೋವು ತಡೆದುಕೊಂಡು ಮೆಲ್ಲಗೆ ಪಕ್ಕಕ್ಕೆ ಸರಿದು ಆ ಹುಡುಗಿಗೆ ಜಾಗ ಬಿಟ್ಟ.